ಬಸ್ಸಿನಲ್ಲಿ ಬಂದ ಮರಿಗಳು

ಮಳೆಗಾಲ ಮುಗಿಯುವ ಹೊತ್ತಿಗೆ ಊರಿನ ಕೋಳಿಗಳಿಗೆಲ್ಲ ಕೊಕ್ಕರೆ ರೋಗ ಬಂದು ನಮ್ಮ ಹಿತ್ತಲಿನವು ಒಂದೂ ಉಳಿಯಲಿಲ್ಲ. ಅವು ನನ್ನ ಅತ್ತೆಯ ಕೋಳಿಗಳು. ಮದುವೆಯಾಗಿ ಹರದನಹಳ್ಳಿಗೆ ಬಂದಾಗ ಅವರು ತವರಿನಿಂದ ತಂದ ಹೇಂಟೆಯ ಸಂತತಿ. ಕೊನೆಯದನ್ನು ಮಣ್ಣು ಮಾಡಿ ಬಂದ ದಿನ ಅತ್ತೆ ಕೈಕಾಲು ತೊಳೆದುಕೊಂಡು, ಮರಿ ಕವುಚಿಹಾಕುವ ಬಿದಿರಿನ ಮಂಕರಿಯನ್ನು ಅಟ್ಟಕ್ಕೆ ಎಸೆದರು. ಆಮೇಲೆ ಬೆಳಗಿನ ಹೊತ್ತು ಜಗಲಿಯ ಮೇಲೆ ಸುಮ್ಮನೆ ಕೂರತೊಡಗಿದರು. ಒಂದು ದಿನ ಮುದ್ದೆ ಮುರಿಯುತ್ತ, ಭೀಮನಬೀಡಿನ ಮಗಳ ಮನೆಗೆ ಹೋಗಿ ಇದ್ದುಬಿಡುತ್ತೇನೆ, ಅಲ್ಲಿ ಹಸುಗಳಿವೆ, ಇಲ್ಲಿ ನನಗೇನು ಕೆಲಸ ಎಂದರು. ನನ್ನ ಗಂಡ, ಹೋಗಲಿ ಬಿಡು, ಅಮ್ಮನಿಗೂ ಒಂದು ಬದಲಾವಣೆ ಎಂದು ಕೈತೊಳೆದು ಎದ್ದರು.

ಅತ್ತೆ ಹೊರಟರೆ ಹಬ್ಬ ಮಾಡುವ ಸೊಸೆಯರಿದ್ದಾರೆ, ನಾನು ಆ ಪೈಕಿಯವಳಲ್ಲ. ನಾವಿಬ್ಬರೂ ದಿನಾ ಜಗಳವಾಡುತ್ತೇವೆ, ಜಗಳವಾಡದ ದಿನ ನನಗೆ ಉಂಡದ್ದು ಇಳಿಯುವುದಿಲ್ಲ. ಚಾಮರಾಜನಗರದ ಕಾಲೇಜಿನ ಆಫೀಸಿನಲ್ಲಿ ಕೂತು ದಿನವಿಡೀ ಸಾರ್, ಮೇಡಂ ಎಂದು ಬಾಯಿ ಸಿಹಿ ಮಾಡಿಕೊಂಡು ಬರುವವಳಿಗೆ, ಮುಖಕ್ಕೆ ಹೊಡೆದಂತೆ ಮಾತಾಡುವವರೊಬ್ಬರು ಮನೆಯಲ್ಲಿ ಬೇಕು. ಅವರು ಹೋಗಬಾರದಿತ್ತು, ಅಷ್ಟೆ. ಆದರೆ ಹೋಗಬೇಡಿ ಎಂದು ಬಾಯಿಬಿಟ್ಟು ಹೇಳಿದರೆ ಖಂಡಿತ ಹೋಗುವ ಜಾತಿ ಅವರದು.

ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ? ಅತ್ತೆಗೆ ತಿಳಿಸದೆ ಫೋನಿನಲ್ಲೇ ಮರಿಗಳಿಗೆ ಆರ್ಡರ್ ಕೊಟ್ಟೆ. ಸತ್ಯಮಂಗಲದ ಕಡೆಯ ಹ್ಯಾಚರಿಯವನು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಧೈರ್ಯ ತುಂಬಿದ. ಮೊಟ್ಟೆಯೊಡೆದು ಬಂದ ಮರಿಗೆ ಹೊಟ್ಟೆಯಲ್ಲೇ ಬುತ್ತಿ ಇರುತ್ತದಂತೆ, ಪ್ರಯಾಣಕ್ಕೆ ಏನೂ ಆಗುವುದಿಲ್ಲವಂತೆ. ಹೇಳಿದಂತೆಯೇ ಘಾಟ್ ಹತ್ತಿ ಬಂದ ಬಸ್ಸಿನ ಕಂಡಕ್ಟರ್, ತೂತು ಕೊರೆದ ರಟ್ಟಿನ ಡಬ್ಬವೊಂದನ್ನು ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೈಗಿಟ್ಟ. ನಮ್ಮೂರ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಚಿಂವ್ ಚಿಂವ್ ಸದ್ದಿಗೆ ಬಸ್ಸಿನವರೆಲ್ಲ ತಿರುಗಿ ನೋಡಿದರು. ಎಂದೂ ಹಂಪ್ ಲೆಕ್ಕಕ್ಕಿಡದ ಡ್ರೈವರ್ ಅವತ್ತು ಪ್ರತಿ ಹಂಪಿಗೂ ಬ್ರೇಕ್ ಒತ್ತಿದ.

ಅತ್ತೆ ಡಬ್ಬದೊಳಗೆ ಬಗ್ಗಿ ನೋಡಿ ಕೇಳಿದ್ದು ಒಂದೇ ಮಾತು.

“ಇವಕ್ಕೆ ಅವ್ವ ಎಲ್ಲಮ್ಮಿ?”

ಅವ್ವ ಇಲ್ಲ, ಮೆಷಿನ್ನಿನಲ್ಲಿ ಆದವು, ಬಲ್ಬಿನ ಕಾವು ಕೊಟ್ಟರೆ ಸಾಕು ಎಂದೆ. ಹೇಂಟೆಯಿಲ್ಲದ ಮನೆಗೆ ಮರಿ ತಂದವಳನ್ನು ಈ ತಾಲ್ಲೂಕಿನಲ್ಲೇ ಕಂಡಿಲ್ಲ, ಒಂದು ವಾರವೂ ಬದುಕುವುದಿಲ್ಲ ಎಂದು ಅತ್ತೆ ಜಗಲಿಗೆ ಹೋದರು. ನಾನು ಬೆಲ್ಲದ ನೀರು ಕುಡಿಸಿದೆ, ಬಲ್ಬ್ ಕಟ್ಟಿದೆ, ಹೊತ್ತುಹೊತ್ತಿಗೆ ನುಚ್ಚನ್ನು ಮೊರದಲ್ಲಿ ತಂದು ಮೇಲಿಂದ ಉದುರಿಸಿದೆ. ವಾರ ಕಳೆದರೂ ಎಲ್ಲವೂ ಬದುಕಿದ್ದವು. ಅತ್ತೆಗೆ ತುಸು ಬೇಜಾರಾದಂತೆ ಕಂಡಿತು. ಹೊಲದ ಅರಿಶಿನ ಕಿತ್ತು ಬೇಯಿಸುವ ಕೆಲಸ ಮುಗಿದ ಮೇಲೆ ಭೀಮನಬೀಡಿನ ಅಳಿಯ ಬಂದು ಕರೆದೊಯ್ಯುವುದೆಂದು ಅವರು ಮಾತಾಡಿಯೂ ಆಗಿತ್ತು. ಸೀರೆಗಳನ್ನು ಮಡಿಸಿ ಬಟ್ಟೆಯ ಚೀಲಕ್ಕೆ ತುಂಬಿ ಜಗಲಿಯ ಮೂಲೆಯಲ್ಲಿ ಇಟ್ಟುಕೊಂಡರು.

ಮರಿಗಳಿಗೆ ರೆಕ್ಕೆಪುಕ್ಕ ಮೂಡಿದಾಗ ಒಂದು ಭಾನುವಾರ ಹಿತ್ತಲಿಗೆ ಬಿಟ್ಟೆ. ಹದ್ದು ಬಂತು. ಅದರ ನೆರಳು ನೆಲದ ಮೇಲೆ ಹರಿದಾಗ ನನ್ನ ಮರಿಗಳು ಓಡಿ ಅವಿತುಕೊಳ್ಳಬೇಕೋ ಬೇಡವೋ? ಎಲ್ಲವೂ ಕತ್ತು ಎತ್ತಿ, ನೆರಳಿನತ್ತಲೇ ನುಗ್ಗಿ ಬಂದವು. ಹದ್ದು ಒಂದನ್ನು ಎತ್ತಿಕೊಂಡು ಹೋಯಿತು. ಮಿಕ್ಕವು ಇನ್ನೂ ಮೇಲೆ ನೋಡುತ್ತಲೇ ಇದ್ದವು. ನನಗೆ ಅಳು ಬಂತು.

ಜಗಲಿಯಿಂದ ಅತ್ತೆ ಎದ್ದು ಬಂದರು. “ಅವಕ್ಕೇನ್ ಗೊತ್ತು ಕಣಮ್ಮಿ. ಮೊರ ತೋರ್ಸಿ ತೋರ್ಸಿ ನೀನೇ ಕೆಡಿಸ್ಬುಟ್ಟಿದ್ದೀಯ. ಮ್ಯಾಗಿಂದ ಬರದೆಲ್ಲ ನುಚ್ಚೇ ಅನ್ಕಂಡವೆ.”

ಮಾರನೆಯ ದಿನ ಆಫೀಸಿನಿಂದ ಬಂದಾಗ ಮಂಕರಿ ಅಟ್ಟದಿಂದ ಇಳಿದಿತ್ತು. ಅದರ ಒಂದು ಅಂಚಿಗೆ ಕಲ್ಲು ಕೊಟ್ಟು ಹಿತ್ತಲಿನಲ್ಲಿ ಕವುಚಿದ್ದರು. ಅತ್ತೆ ಅದೇ ಮೊರವನ್ನು ತಲೆಯ ಮೇಲೆ ಎತ್ತಿ ಹಿಡಿದು, ಅದರ ನೆರಳನ್ನು ಮರಿಗಳ ಮೇಲೆ ಹರಿಸುತ್ತ, ಗಂಟಲಿನಲ್ಲಿ ಕರ್‍ರ್ ಎಂದು ಹದ್ದು ಕಂಡ ಹೇಂಟೆ ಕೂಗುವಂತೆ ಕೂಗುತ್ತಿದ್ದರು. ಮರಿಗಳು ಅಭ್ಯಾಸಬಲದಿಂದ ಮೊರದತ್ತ ಓಡಿಬಂದರೆ, ಕೋಲಿನಿಂದ ನೆಲ ಬಡಿದು ಮಂಕರಿಯೊಳಕ್ಕೆ ನುಗ್ಗಿಸುವುದು. ಒಳಗೆ ಹೋದ ಮೇಲೆ ಕೊಕ್ ಕೊಕ್ ಎಂದು ಮುದ್ದಿನಿಂದ ಕರೆದು ನೆಲದ ಮಟ್ಟದಲ್ಲಿ ನುಚ್ಚು ಹಾಕುವುದು. ಬೇಲಿಯಾಚೆ ಪಕ್ಕದ ಮನೆಯವರು ನಗುತ್ತಿದ್ದರು. ಊರಿಗೆ ಹೋಗುವ ತನಕ ಅಷ್ಟೇ ಎಂದು ಅತ್ತೆ ನಾನು ಕೇಳದೆಯೇ ಹೇಳಿದರು. ನಾನು ಕಾಫಿ ಕಾಯಿಸಲು ಹೋದೆ. ದಿನಾ ಹೀಗೇ ನಡೆಯಿತು. ಮಂಕರಿಗಿಂತ ಅವರ ಸೀರೆಯ ನೆರಿಗೆ ಹತ್ತಿರವಿದ್ದರೆ ಮರಿಗಳು ಅದರೊಳಗೇ ತೂರತೊಡಗಿದವು. ಅತ್ತೆ ಬೈಯುತ್ತಲೇ ನಿಂತಿರುತ್ತಿದ್ದರು.

ಅರಿಶಿನ ಬೇಯಿಸಿ ಒಣಗಿಸಿದ್ದೂ ಆಯಿತು. ಅಳಿಯ ಬೈಕ್ ತಂದು ಬಾಗಿಲಲ್ಲಿ ನಿಲ್ಲಿಸಿದ. ಅತ್ತೆ ಚೀಲ ಕೈಗೆತ್ತಿಕೊಂಡು ಅಂಗಳಕ್ಕೆ ಇಳಿದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಅಷ್ಟರಲ್ಲಿ ಹದ್ದು ಸುತ್ತು ಹಾಕಿತು. ಅಂಗಳದಲ್ಲಿ ನೆರಳು ಹರಿಯಿತು. ಅತ್ತೆಯ ಗಂಟಲಿನಿಂದ ಕರ್‍ರ್ ಎಂಬ ಕೂಗು ತಾನಾಗಿ ಹೊರಟಿತು. ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು. ಅಂಗಳದ ಮೂಲೆಮೂಲೆಯಿಂದ ಮರಿಗಳು ಓಡಿಬಂದು, ಒಂದೂ ಮೇಲೆ ನೋಡದೆ, ಅವರ ನೆರಿಗೆಯೊಳಗೆ ಸೇರಿಕೊಂಡವು. ಅತ್ತೆ ಕಾಲು ಕದಲಿಸಲಿಲ್ಲ. ಹದ್ದು ಬೇರೆ ಕಡೆ ಹೋದ ಮೇಲೂ ಹಾಗೇ ನಿಂತಿದ್ದರು.

“ನೀ ಓಗಪ್ಪ,” ಎಂದರು ಅಳಿಯನಿಗೆ. “ಇವು ಒಸಿ ದೊಡ್ಡವಾಗ್ಲಿ, ಆಮ್ಯಾಕೆ ಬತ್ತೀನಿ ಅಂತ ಏಳ್ಬುಡು ಅವ್ಳಿಗೆ.”

ಚೀಲವನ್ನು ಎತ್ತಿ ಜಗಲಿಯ ಅದೇ ಮೂಲೆಯಲ್ಲಿ ಇಟ್ಟವಳು ನಾನು. ಅತ್ತೆ ಅದನ್ನು ಬಿಚ್ಚಲಿಲ್ಲ, ಬಿಚ್ಚಿ ಎಂದು ನಾನೂ ಹೇಳಲಿಲ್ಲ. ಮರಿಗಳು ದೊಡ್ಡವಾದವು, ಹುಂಜಕ್ಕೆ ಕಂಠ ಒಡೆಯಿತು, ನಮ್ಮ ಜಗಳವೂ ಮೊದಲಿನಂತೆ ಶುರುವಾಯಿತು. ಆಷಾಢದಲ್ಲಿ ಮಗಳು ಫೋನ್ ಮಾಡಿ, ಯಾವಾಗ ಬರುತ್ತೀ ಎಂದು ಕೇಳಿದಾಗ ಅತ್ತೆ, ನಾಳೆ ಬೆಳಗಿನ ಬಸ್ಸಿಗೇ ಎಂದುಬಿಟ್ಟರು. ನಾನು ಮುಖ ಊದಿಸಿಕೊಂಡೇ ಬುತ್ತಿ ಕಟ್ಟಿದೆ.

ಬೆಳಿಗ್ಗೆ ಚೀಲ ಎತ್ತಲು ಹೋದ ಅತ್ತೆ ಅಲ್ಲಿಂದಲೇ ನನ್ನನ್ನು ಕರೆದರು. ಸಡಿಲವಾಗಿದ್ದ ಚೀಲದ ಬಾಯೊಳಗೆ, ಮಡಿಸಿಟ್ಟ ಸೀರೆಗಳ ಮೇಲೆ, ಕೆಂದು ಹೇಂಟೆ ಮೈ ಉಬ್ಬಿಸಿಕೊಂಡು ಕಾವಿಗೆ ಕೂತಿತ್ತು. ಎಷ್ಟು ದಿನದಿಂದ ಅಲ್ಲಿ ಮೊಟ್ಟೆಯಿಡುತ್ತಿತ್ತೋ, ನಮಗಿಬ್ಬರಿಗೂ ತಿಳಿದಿರಲಿಲ್ಲ. ಅತ್ತೆ ಕೈ ತೂರಿಸಿ ನೋಡಿದರು. ಅದು ಕುಕ್ಕಿತು.

“ಕಾವಿಗ್ ಕುಂತಿರೋದನ್ನ ಎಂಗಮ್ಮಿ ಎಬ್ಬಿಸದು,” ಎಂದು ಅವರು ಅದರ ಪಕ್ಕದಲ್ಲೇ ಕೂತರು. ಕಟ್ಟಿದ ಬುತ್ತಿಯನ್ನು ನಾವಿಬ್ಬರೂ ಜಗಲಿಯಲ್ಲೇ ಬಿಚ್ಚಿ ತಿಂದೆವು.