ಆಫ್ ಬಾರದ ರಾತ್ರಿ

ಇದು ನಡೆದದ್ದು ಹೌದು. ಇದನ್ನೇ ಬೇರೆಯವರು ನನಗೆ ಹೇಳಿದ್ದರೆ ಮೊದಲು ಅವರ ಫೋನು ಈಸಿಕೊಂಡು ನೋಡುತ್ತಿದ್ದೆ, ಆಮೇಲೆ ಅವರನ್ನೇ ಸಂಶಯದಿಂದ ನೋಡುತ್ತಿದ್ದೆ. ನನ್ನ ಸ್ವಭಾವವೇ ಅಂಥದ್ದು. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು ನಾನು. ನಕಲು ಹೊಡೆದವರನ್ನು ಮುಖ ನೋಡಿಯೇ ಹಿಡಿಯುತ್ತೇನೆ. ಪೀಡೆ, ಪಿಶಾಚಿ ಎಂದರೆ ನನಗೆ ನಗು ಬರುತ್ತದೆ... ಬರುತ್ತಿತ್ತು.

ನನ್ನ ತವರು ವೇಣೂರಿನ ಆಚೆ, ಹೊಳೆ ಬದಿಯ ಒಂದು ಹಳ್ಳಿ. ಹೆಸರು ಬೇಡ. ಅಲ್ಲಿ ಕುಡಿಯುವ ನೀರಿನ ಪಂಪು ನೋಡಿಕೊಳ್ಳುವವರು ಮೋನಪ್ಪಣ್ಣ. ನಾನು ಲಂಗ ಹಾಕಿಕೊಂಡು ಶಾಲೆಗೆ ಹೋಗುವಾಗಲೇ ಅವರು ಆ ಕೆಲಸದಲ್ಲಿದ್ದರು. ಹೊಳೆ ಬದಿಯ ಶೆಡ್ಡಿನಲ್ಲಿ ಹಸಿರು ಗುಂಡಿ ಒತ್ತಿದರೆ ನೀರು ಗುಡ್ಡೆಯ ಮೇಲಿನ ಟ್ಯಾಂಕಿಗೆ ಏರುತ್ತದೆ. ಟ್ಯಾಂಕು ತುಂಬಿ ಚೆಲ್ಲುವ ಸದ್ದು ಕೇಳಿದ ಕೂಡಲೇ ಟ್ಯಾಂಕಿನ ಪಕ್ಕದ ಮನೆಯ ಲಿಲ್ಲಿಬಾಯಿ ಒಂದು ಮಿಸ್ಡ್ ಕಾಲ್ ಕೊಡುತ್ತಾರೆ. ಮೋನಪ್ಪಣ್ಣ ಕೆಂಪು ಗುಂಡಿ ಒತ್ತುತ್ತಾರೆ. ಶೆಡ್ಡಿನೊಳಗೆ ಅವರು ಚಪ್ಪಲಿ ಹಾಕಿದ್ದನ್ನು ನಾನು ಕಂಡದ್ದೇ ಇಲ್ಲ. ಊರಿಗೆ ನೀರು ಕೊಡುವ ಜಾಗ ಎಂದು ಹೊರಗೇ ಬಿಡುತ್ತಿದ್ದರು.

ಪಂಪು ಆನ್, ಆಫ್ ಆದ ಹೊತ್ತು ಫೋನಿನಲ್ಲಿ ಕಾಣಬೇಕೆಂದು ನೀರಿನ ಸಮಿತಿಯವರು ಕೇಳಿದಾಗ, ನಾನೇ ಸ್ವಿಚ್ ಬೋರ್ಡಿಗೆ ಒಂದು ಪುಟ್ಟ ಪೆಟ್ಟಿಗೆ ಕೂರಿಸಿ ಪ್ರೋಗ್ರಾಂ ಬರೆದುಕೊಟ್ಟೆ. ಪುಕ್ಕಟೆ. ತವರಿನ ಕೆಲಸ ತಾನೇ.

ಬೇಸಿಗೆಯ ಒಂದು ಮಧ್ಯಾಹ್ನ ಸಮಿತಿಯ ಅಧ್ಯಕ್ಷ ಸದಾನಂದಣ್ಣನ ಫೋನು ಬಂತು. ಅವರು ನನ್ನ ದೊಡ್ಡಪ್ಪನ ಮಗ. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

“ನಿನ್ನ ಪ್ರೋಗ್ರಾಮಿನಿಂದ ಕಳ್ಳ ಸಿಕ್ಕಿದ ನೋಡು. ಮೋನಪ್ಪ ರಾತ್ರಿ ಒಂದು ಗಂಟೆಗೆ ಪಂಪ್ ಹಾಕ್ತಾನೆ. ಟ್ಯಾಂಕರಿನವರಿಗೆ ನೀರು ಮಾರ್ತಾನೆ ಅಂತ ಕಾಣ್ತದೆ. ನಾಳೆ ಮೀಟಿಂಗ್ ಉಂಟು. ತೆಗೆದುಹಾಕುವ ಅಂತ.”

“ಅವರೆಂತ ಹೇಳ್ತಾರೆ?”

“ಎಂತ ಹೇಳ್ತಾನೆ? ಸಂಜೆ ಏಳೂವರೆಗೆ ಹಾಕಿದ್ದು ಅಂತ ಆಣೆ ಹಾಕ್ತಾನೆ.”

ಮೊದಲು ನನಗೂ ಮೋನಪ್ಪಣ್ಣನ ಮೇಲೆಯೇ ಸಂಶಯ ಬಂತು. ಆಮೇಲೆ ಲೆಕ್ಕ ಹಾಕಿದೆ. ಏಳೂವರೆ... ಒಂದು... ನಡುವೆ ಐದೂವರೆ ಗಂಟೆ. ತಪ್ಪು ಅವರದ್ದಲ್ಲ, ನನ್ನದು.

ಯಾಕೆಂದು ಹೇಳುತ್ತೇನೆ. ಹೆಚ್ಚಿನ ದೊಡ್ಡ ಕಂಪ್ಯೂಟರುಗಳು ಇಡೀ ಜಗತ್ತಿಗೆ ಸೇರಿದ ಒಂದೇ ಸಮಯವನ್ನು ಇಟ್ಟುಕೊಂಡಿರುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಪ್ರೋಗ್ರಾಂ ಬರೆಯುವ ಭಾಷೆಯ ಜೊತೆಗೇ ದಿನಾಂಕ, ಸಮಯ ನೋಡಿಕೊಳ್ಳುವ ಸಲಕರಣೆ ಸಿಗುತ್ತದೆ. ಅದರಲ್ಲಿ ಸಮಯ ಎರಡು ಬಗೆ. ಒಂದಕ್ಕೆ ತಾನು ಯಾವ ದೇಶದ ಸಮಯವೆಂದು ಗೊತ್ತಿರುತ್ತದೆ. ಇನ್ನೊಂದು ಬರೀ ಅಂಕಿ. ತಾನು ಎಲ್ಲಿಯದೆಂದು ಅದಕ್ಕೇ ಗೊತ್ತಿಲ್ಲ. ಮೊದಲನೆಯದನ್ನೇ ಬಳಸಿ ಎಂದು ಮಕ್ಕಳಿಗೆ ಪ್ರತಿವರ್ಷ ಬೊಬ್ಬೆ ಹೊಡೆಯುವ ನಾನು ಇಲ್ಲಿ ಎರಡನೆಯದನ್ನು ಹಾಕಿ, ಕೈಯಾರೆ ಐದೂವರೆ ಗಂಟೆ ಕೂಡಿಸಿದ್ದೆ. ಈಚೆಗೆ, ಪೆಟ್ಟಿಗೆಯ ಲೆಕ್ಕವೆಲ್ಲ ಬಂದು ಸೇರುವ ನಮ್ಮ ಕಾಲೇಜಿನ ಕಂಪ್ಯೂಟರನ್ನೇ ಯಾರೋ ಭಾರತದ ಸಮಯಕ್ಕೆ ತಿರುಗಿಸಿದ್ದರು. ಸರಿಯಾಗಿಯೇ ಇದ್ದ ಗಂಟೆಗೆ ನನ್ನ ಪ್ರೋಗ್ರಾಂ ಮತ್ತೆ ಐದೂವರೆ ಕೂಡಿಸುತ್ತಿತ್ತು. ಅಷ್ಟರಿಂದ ಒಬ್ಬ ಮನುಷ್ಯನ ಅನ್ನ ಹೋಗುವುದರಲ್ಲಿತ್ತು.

ಅದೇ ಸಂಜೆ ಗಂಡನನ್ನು ಹೊರಡಿಸಿಕೊಂಡು ಬೆಳುವಾಯಿಯ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹೋದೆ. ಶೆಡ್ಡಿನ ಮೆಟ್ಟಿಲಲ್ಲೇ ಲ್ಯಾಪ್‌ಟಾಪ್ ಇಟ್ಟು ತಪ್ಪು ಸರಿಮಾಡಿದೆ. ಆದರೆ ಪಂಪು ಹಾಕಿ ನೋಡದೆ ಮೀಟಿಂಗಿನಲ್ಲಿ ಹೇಗೆ ಹೇಳುವುದು? ಕರೆಂಟು ಸಂಜೆಯೇ ಹೋಗಿತ್ತು.

“ಯಾವಾಗ ಬರ್ತದೆ ಮೋನಪ್ಪಣ್ಣ?”

“ಹೇಳ್ಲಿಕ್ಕೆ ಆಗುದಿಲ್ಲ ಟೀಚರೇ. ಎಲ್ಲೋ ಲೈನಿಗೆ ಮರ ಬಿದ್ದಿದೆಯಂತೆ. ಇವತ್ತೂ ಬರ್ಬಹುದು, ನಾಳೆಯೂ ಬರ್ಬಹುದು.”

ಕಾದೆವು. ಸೆಕೆ. ಒಣಗಿದ ಪಾಚಿಯ ವಾಸನೆ. ಹೊಳೆಯಲ್ಲಿ ನೀರು ಕಡಿಮೆಯಾಗಿ ಹರಿವಿನ ಸದ್ದೂ ಇರಲಿಲ್ಲ. ಮೋನಪ್ಪಣ್ಣ ದೂರದ ಬಂಡೆಯ ಮೇಲೆ ಬೀಡಿ ಸೇದುತ್ತಿದ್ದರು, ನನ್ನ ಗಂಡ ತೂಕಡಿಸುತ್ತಿದ್ದರು.

ಹನ್ನೊಂದು ದಾಟಿ ಐದು ನಿಮಿಷಕ್ಕೆ ನನ್ನ ಫೋನು ಟಿಣ್ ಎಂದಿತು.

‘ಪಂಪ್ ಆನ್. 11:40.’

ಶೆಡ್ಡಿನ ಕಡೆ ಟಾರ್ಚ್ ಬಿಟ್ಟೆ. ಬೀಗ ಹಾಕಿದ ಹಾಗೆಯೇ ಇತ್ತು. ನಾನು ಕೂರಿಸಿದ ಪೆಟ್ಟಿಗೆಗೆ ಬ್ಯಾಟರಿಯಿಲ್ಲ, ಬೋರ್ಡಿನ ಕರೆಂಟೇ ಗತಿ. ಆ ಕರೆಂಟೇ ಇರಲಿಲ್ಲ... ಮತ್ತೆ ಇದನ್ನು ಕಳಿಸಿದ್ದು ಯಾರು?

ಪ್ರೋಗ್ರಾಮಿನಲ್ಲಿ ಇನ್ನೊಂದು ತಪ್ಪು ಉಳಿದಿದೆ ಎಂದುಕೊಂಡೆ. ಆದರೆ ಮೂವತ್ತೈದು ನಿಮಿಷ? ಗಂಟೆ, ಅರ್ಧ ಗಂಟೆ, ಕಾಲು ಗಂಟೆಯ ಲೆಕ್ಕದಲ್ಲಿ ದೇಶದಿಂದ ದೇಶಕ್ಕೆ ಸಮಯ ಬದಲಾಗುತ್ತದೆ. ನಮಗಿಂತ ಮೂವತ್ತೈದು ನಿಮಿಷ ಮುಂದಿರುವ ಊರು ಈ ಭೂಮಿಯ ಮೇಲೆಯೇ ಇಲ್ಲ.

ಯಾರಿಗೂ ಹೇಳದೆ ಫೋನು ಬ್ಯಾಗಿಗೆ ಹಾಕಿದೆ.

ಗುಡ್ಡೆಯ ಮೇಲೆ ಒಂದೊಂದೇ ಮನೆಯ ದೀಪ ಹತ್ತಿತು. “ಬಂತು, ಬಂತು!” ಎಂದು ಮೋನಪ್ಪಣ್ಣ ಎದ್ದರು. ಚಪ್ಪಲಿ ಬಿಟ್ಟು, ಬೀಗ ತೆಗೆದು, ಹಸಿರು ಗುಂಡಿ ಒತ್ತಿದರು. ನಾನು ಗಂಡನ ಕೈಗಡಿಯಾರ ನೋಡಿದೆ. ಸರಿಯಾಗಿ ಹನ್ನೊಂದು ನಲವತ್ತು.

ಪಂಪಿನ ಗುಂಯ್ ಸದ್ದಿನ ನಡುವೆ ಬ್ಯಾಗಿನಲ್ಲಿ ಮತ್ತೆ ಟಿಣ್. ‘ಪಂಪ್ ಆಫ್. 12:25.’ ಅದಕ್ಕೆ ಇನ್ನೂ ಹೊತ್ತಿತ್ತು. ಮೋನಪ್ಪಣ್ಣ ಕಳ್ಳಾಟ ಆಡುತ್ತಿದ್ದಾರೆಯೇ ಎಂದು ಅವರ ಬೆರಳುಗಳನ್ನೇ ನೋಡುತ್ತ ಕೂತೆ. ಅವರು ಎಲೆಯಡಿಕೆ ಹಾಕುತ್ತಿದ್ದರು. ಗುಡ್ಡೆಯ ಮೇಲೆ ಲಿಲ್ಲಿಬಾಯಿ ಯಾವಾಗ ಸದ್ದು ಕೇಳುತ್ತಾರೆಂದು ನನಗೂ ಗೊತ್ತಿಲ್ಲ, ಮೋನಪ್ಪಣ್ಣನಿಗೂ ಗೊತ್ತಿಲ್ಲ. ಮಿಸ್ಡ್ ಕಾಲ್ ಬಂತು, ಅವರು ಎದ್ದು ಕೆಂಪು ಗುಂಡಿ ಒತ್ತಿದರು. ಹನ್ನೆರಡು ಇಪ್ಪತ್ತೈದು.

ಒಂದು ನಿಮಿಷವೂ ಆಚೀಚೆ ಇಲ್ಲ. ಆಗ ನನಗೆ ಸುಟ್ಟ ತಂತಿಯ ವಾಸನೆ ಬಂತು. ಅವರಿಬ್ಬರಿಗೂ ಬರಲಿಲ್ಲವಂತೆ.

ಮರುದಿನ ಮೀಟಿಂಗಿನಲ್ಲಿ ಐದೂವರೆ ಗಂಟೆಯ ತಪ್ಪು ನನ್ನದೆಂದು ಎಲ್ಲರೆದುರು ಹೇಳಿದೆ. ಮೋನಪ್ಪಣ್ಣನ ಕೆಲಸ ಉಳಿಯಿತು. ಸಂತೋಷಕ್ಕೆ ಅವರು ನಮ್ಮ ಮನೆವರೆಗೆ ಬಸ್ಸಿನಲ್ಲಿ ಒಂದು ಗುಜ್ಜೆ, ಎಂದರೆ ಎಳೆ ಹಲಸಿನಕಾಯಿ, ಹೊತ್ತು ತಂದರು. ಮೂವತ್ತೈದು ನಿಮಿಷದ ವಿಷಯ ಮಾತ್ರ ನಾನು ಬಾಯಿ ಬಿಡಲಿಲ್ಲ. ಹೇಳಿದರೆ ನಂಬಬೇಕಲ್ಲ! ಇನ್ನೂ ಬಾರದ ಸಮಯವನ್ನು ಸಮಿತಿಯವರಿಗೆ ತೋರಿಸಬೇಡ ಎಂದು ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ. ನನ್ನ ಫೋನಿಗೆ ಮಾತ್ರ ಬರುತ್ತಲೇ ಇತ್ತು.

ದಿನ ಹೋದ ಹಾಗೆ ಅಂತರ ಬೆಳೆಯಿತು. ಸಂಜೆಯ ಚಹಾದ ಹೊತ್ತಿಗೇ ಆ ರಾತ್ರಿಯ ಆನ್, ಅದರ ಬೆನ್ನಿಗೇ ಆಫ್, ಎರಡೂ ಬಂದು ಕೂತಿರುತ್ತಿದ್ದವು. ಒಂದು ದಿನವೂ ತಪ್ಪಾಗಲಿಲ್ಲ. ಗಂಡನಿಗೆ ತೋರಿಸಿದರೆ, “ನಿನ್ನ ಸ್ಟೂಡೆಂಟ್ಸ್ ಯಾರೋ ತಮಾಷೆ ಮಾಡ್ತಿದ್ದಾರೆ ಮಾರಾಯ್ತಿ” ಎಂದರು. ನಾನೂ ಹಾಗೆಯೇ ಇರಲಿ ಎಂದು ಆಸೆಪಟ್ಟೆ.

ಒಂದು ಸಂಜೆ ಆನ್ ಮಾತ್ರ ಬಂತು.

ಚಹಾ ಕುಡಿದಾಯಿತು. ದೀಪ ಹಚ್ಚಿಯಾಯಿತು. ಆಫ್ ಬರಲಿಲ್ಲ. ಕಡೆಗೆ ತಡೆಯಲಾರದೆ ಮೋನಪ್ಪಣ್ಣನಿಗೆ ಫೋನು ಮಾಡಿ, ಇವತ್ತು ಶೆಡ್ಡಿಗೆ ಹೋಗಬೇಡಿ, ಗಂಟೆ ಸರಿಯಾಗಿ ತೋರಿಸುತ್ತಿಲ್ಲ ಎಂದೆ.

ಅವರು ನಕ್ಕರು. “ಗಂಟೆ ತಪ್ಪುದು ನಿಮ್ಮ ಪ್ರೋಗ್ರಾಮಿನಿಂದ ಅಂತ ನೀವೇ ಮೀಟಿಂಗಿನಲ್ಲಿ ಹೇಳಿದ್ದಲ್ವ ಟೀಚರೇ? ನಾನು ಹೋಗದಿದ್ರೆ ಜನ ಎಂತ ಕುಡಿಯುದು?”

ಸ್ಕೂಟರ್ ತೆಗೆಸಿದೆ. ದಾರಿಯುದ್ದಕ್ಕೂ ನಾನು ಫೋನೇ ನೋಡುತ್ತಿದ್ದೆ, ಗಂಡ ಬೈಯುತ್ತಿದ್ದರು. ಶೆಡ್ಡಿಗೆ ಮುಟ್ಟುವಾಗ ಪಂಪು ಓಡುತ್ತಿತ್ತು. ಬಾಗಿಲಲ್ಲಿ ಚಪ್ಪಲಿ. ಒಳಗೆ ಪೈಪು ಸೋರಿ ನೆಲ ಒದ್ದೆ. ಮೋನಪ್ಪಣ್ಣ ನಮ್ಮನ್ನು ಕಂಡು ಆಶ್ಚರ್ಯದಿಂದ ಎದ್ದರು. ಅಷ್ಟರಲ್ಲಿ ಅವರ ಕಿಸೆಯಲ್ಲಿ ಫೋನು ಒಂದು ಸಲ ಬಡಿದು ನಿಂತಿತು. ಲಿಲ್ಲಿಬಾಯಿ.

ಅವರು ಕೆಂಪು ಗುಂಡಿಯತ್ತ ಕೈ ಚಾಚಿದರು. ಅದೇ ಸುಟ್ಟ ತಂತಿಯ ವಾಸನೆ...

“ಬೇಡ!” ಎಂದು ಕಿರುಚಿ ಅವರ ಅಂಗಿ ಹಿಡಿದು ಎಳೆದೆ. “ಕರೆಂಟು ತೆಗೆಯಿರಿ, ಹೊರಗಿನದ್ದು ತೆಗೆಯಿರಿ!” ನನ್ನ ಗಂಡ ಓಡಿಹೋಗಿ ಟ್ರಾನ್ಸ್‌ಫಾರ್ಮರಿನ ಕಂಬದ ಹಿಡಿಕೆ ಎಳೆದರು.

ಕತ್ತಲೆ. ಪಂಪು ನರಳಿ ನಿಂತಿತು. ಪೈಪಿನೊಳಗೆ ಗುಡ್ಡೆಯಿಂದ ನೀರು ಗುಳುಗುಳು ಹಿಂದೆ ಇಳಿಯುವ ಸದ್ದು. ಟಾರ್ಚ್ ಬೆಳಕಿನಲ್ಲಿ ಮೋನಪ್ಪಣ್ಣ ಚಾಚಿದ ಕೈಯನ್ನು ಹಾಗೇ ಹಿಡಿದು, ತಮ್ಮದೇ ಬೆರಳ ತುದಿಗಳನ್ನು ನೋಡುತ್ತ ನಿಂತಿದ್ದರು.

ಬೆಳಿಗ್ಗೆ ಬೆಳ್ತಂಗಡಿಯಿಂದ ಎಲೆಕ್ಟ್ರಿಷಿಯನ್ ಬಂದು ಬೋರ್ಡು ಬಿಚ್ಚಿ ನೋಡಿ, “ಎಂತದ್ದೂ ಇಲ್ಲ, ಸರಿಯಾಗಿಯೇ ಉಂಟು” ಎಂದ. ಆ ರಾತ್ರಿ ಆಫ್ ಬರಲೇ ಇಲ್ಲ. ಹೇಗೆ ಬರಬೇಕು? ಒತ್ತಲು ನಾನೇ ಬಿಡಲಿಲ್ಲವಲ್ಲ. ಆಫ್ ಬರಲಿಲ್ಲವೆಂದು ನಾನು ಓಡಿಹೋದದ್ದು... ನಾನು ಓಡಿಹೋದದ್ದರಿಂದ ಆಫ್ ಬರಲಿಲ್ಲ... ಇದನ್ನು ಯೋಚಿಸಲು ಕೂತರೆ ನನಗೆ ನಿದ್ದೆ ಬರುವುದಿಲ್ಲ. ನಾನು ಅವರ ಜೀವ ಉಳಿಸಿದೆನೋ, ಸುಮ್ಮನೆ ರಂಪ ಮಾಡಿದೆನೋ, ತಿಳಿಯದು.

ಆ ಪೆಟ್ಟಿಗೆಯನ್ನು ನಾನೇ ಬಿಚ್ಚಿ ತಂದೆ. ಪ್ರೋಗ್ರಾಂ ಅಳಿಸಿದೆ. ಸಮಿತಿಯವರಿಗೆ ಕೆಟ್ಟುಹೋಯಿತು ಎಂದೆ. ಮೋನಪ್ಪಣ್ಣನಿಗೆ ಏನೂ ಹೇಳಿರಲಿಲ್ಲ. ಆದರೆ ನನ್ನ ಗಂಡ ಯಾವಾಗಲೋ ಎಲ್ಲವನ್ನೂ ಹೇಳಿಬಿಟ್ಟಿದ್ದಾರೆ; ಪೆಟ್ಟಿಗೆ ತೆಗೆದದ್ದು ರಿಪೇರಿಗೆ, ಫೋನಿಗೆ ಈಗಲೂ ಬರುತ್ತಿರುತ್ತದೆ ಎಂದು ಮೋನಪ್ಪಣ್ಣ ತಿಳಿದಿದ್ದಾರೆ.

ಈಗ ಮೋನಪ್ಪಣ್ಣ ಚಪ್ಪಲಿ ಹಾಕಿಕೊಂಡೇ ಶೆಡ್ಡಿನೊಳಗೆ ಹೋಗುತ್ತಾರಂತೆ. ದಿನಾ ಸಂಜೆ, ಹೊರಡುವ ಮೊದಲು, ನನಗೆ ಫೋನು ಮಾಡುತ್ತಾರೆ. ಕುಶಲ ಕೇಳುವುದಿಲ್ಲ. ದನಿ ತಗ್ಗಿಸಿ ಒಂದೇ ಮಾತು ಕೇಳುತ್ತಾರೆ.

“ಟೀಚರೇ... ಇವತ್ತು ಎರಡೂ ಉಂಟಾ?”

ನನ್ನ ಫೋನಿನಲ್ಲಿ ಏನೂ ಇರುವುದಿಲ್ಲ.

“ಉಂಟು ಮೋನಪ್ಪಣ್ಣ” ಎನ್ನುತ್ತೇನೆ. “ಎರಡೂ ಉಂಟು. ಹೋಗಿ ಬನ್ನಿ.”