ಬಂಬ್‌ಖಾನೆಗೆ ಜಾಗ ಹುಡುಕಿದ ಕೇಶವಮೂರ್ತಿ

ಕೇಶವಮೂರ್ತಿಯವರು ಸಾಂತಾಕ್ರೂಜ್ ಬಿಟ್ಟು ದಹಿಸರ್‌ಗೆ ಬಂದದ್ದು ವಿಮಾನಗಳ ಕಾಟ ತಾಳಲಾರದೆ. ಸಾಂತಾಕ್ರೂಜ್‌ನ ಚಾಳಿನಲ್ಲಿ ಅವರ ಹೆಂಡತಿ ಸುಮಿತ್ರಾ ವೀಣೆ ಹಿಡಿದು ಕೂತರೆ ಸಾಕು, ತಲೆಯ ಮೇಲೊಂದು ವಿಮಾನ ಹಾದುಹೋಗುತ್ತಿತ್ತು. ತಾನು ಮಿಡಿದ ತಂತಿ ತನಗೇ ಕೇಳದೆ ಆಕೆ ಕೊನೆಗೆ ವೀಣೆಗೆ ಗವಸು ತೊಡಿಸಿ ಮೂಲೆಗೆ ಒರಗಿಸಿಬಿಟ್ಟರು. ನಂಜನಗೂಡಿನ ಮನೆಯಲ್ಲಿ ದಿನಾ ಬೆಳಿಗ್ಗೆ ನುಡಿಸುತ್ತಿದ್ದವರನ್ನು ಮದುವೆಯಾಗಿ ಇಲ್ಲಿಗೆ ತಂದು ಮೂಕರನ್ನಾಗಿ ಮಾಡಿದೆನಲ್ಲ ಎಂಬುದು ಕೇಶವಮೂರ್ತಿಯವರನ್ನು ಒಳಗೇ ಕೊರೆಯುತ್ತಿತ್ತು. ಅಂಧೇರಿಯ ಔಷಧಿ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಅವರಿಗೆ ಕೆಲಸ. ದಹಿಸರ್ ಪೂರ್ವದಲ್ಲಿ ಹೊಸ ಸೊಸೈಟಿ ಏಳುತ್ತಿದೆ ಎಂದು ಕೇಳಿದ್ದೇ ಎರಡನೇ ಮಾಳಿಗೆಯಲ್ಲೊಂದು ಮನೆ ಹಿಡಿದರು. ಎದುರಿಗೆ ಖಾಲಿ ಬಯಲು, ಅದರಾಚೆ ಗುಡ್ಡಗಳು. ಮನೆ ಹೊಕ್ಕ ವಾರವೇ ವೀಣೆಯ ಗವಸು ಕಳಚಿತು. ವರ್ಷ ತುಂಬುವುದರೊಳಗೆ ಸುತ್ತಲಿನ ಹುಡುಗಿಯರು ಪಾಠಕ್ಕೆ ಬರತೊಡಗಿದರು. ನಾನು ಅವರ ಕೆಳಗಿನ ಮನೆಯವನು. ಸಂಜೆ ಚಹಾ ಕುಡಿಯುತ್ತಾ ಆ ಸರಳೆ ಜಂಟಿಗಳನ್ನು ಎಷ್ಟು ಕೇಳಿದ್ದೇನೋ!

೧೯೮೪ರ ಸುಮಾರಿಗೆ, ಮುಂದಿನ ಇಪ್ಪತ್ತು ವರ್ಷಗಳಿಗೆ ನಮ್ಮ ಭಾಗ ಹೇಗಿರಬೇಕು ಎಂಬ ನಕ್ಷೆಯನ್ನು ಪಾಲಿಕೆ ಜನರ ಮುಂದಿಟ್ಟಿತು. ಸ್ಕೂಲಿಗೆ ಇಲ್ಲಿ, ಮಾರುಕಟ್ಟೆಗೆ ಅಲ್ಲಿ ಎಂದು ಬಣ್ಣ ಹಚ್ಚಿ ಗುರುತು ಮಾಡಿದ್ದರು. ನಮ್ಮ ಎದುರಿನ ಬಯಲಿನ ಮೇಲೆ ಕೆಂಪು ಬಣ್ಣ ಬಿದ್ದಿತ್ತು. ಬಂಬ್‌ಖಾನೆ, ಅಂದರೆ ಅಗ್ನಿಶಾಮಕ ಠಾಣೆ. ಬೆಂಕಿ ಆರಿಸುವ ಗಾಡಿಗೆ ಮುಂಬಯಿಯಲ್ಲಿ ಎಲ್ಲರೂ ಬಂಬ್ ಎನ್ನುವುದೇ. ಆ ಬಂಬ್‌ಗಳು ಹಗಲೂ ರಾತ್ರಿ ಗಂಟೆ ಬಾರಿಸುತ್ತಾ ಎದುರಿನಿಂದ ಹೊರಡುತ್ತವೆ ಎಂದು ನೆನೆದೇ ಕೇಶವಮೂರ್ತಿಯವರಿಗೆ ಊಟ ಸೇರಲಿಲ್ಲ. ಬಿಲ್ಡಿಂಗಿನವರನ್ನೆಲ್ಲ ಒಟ್ಟುಗೂಡಿಸಿದರು. ಯಾವ ಮನೆಗೂ ಬಂಬ್‌ಖಾನೆ ಬೇಕಿರಲಿಲ್ಲ. ಎಲ್ಲರಿಗೂ ಬೇಕಾದದ್ದು ಪಾರ್ಕು.

ಆಕ್ಷೇಪಣೆ ಕೇಳುವ ಸಭೆ ಪಾಲಿಕೆಯ ಶಾಲೆಯೊಂದರಲ್ಲಿ ನಡೆಯಿತು. ಅಗ್ನಿಶಾಮಕ ದಳದಿಂದ ಬಂದಿದ್ದ ಅಧಿಕಾರಿಯ ಹೆಸರು ಕೊರಗ ಪೂಜಾರಿ. ಉಡುಪಿ ಕಡೆಯವರು, ಫೈರ್‌ಮನ್ ಆಗಿ ಸೇರಿ ಮೇಲೆ ಬಂದವರು. ಕೇಶವಮೂರ್ತಿ ಮರಾಠಿಯಲ್ಲಿ ತಡವರಿಸುವುದನ್ನು ಕೇಳಿ ಅವರು ನಕ್ಕುಬಿಟ್ಟರು.

"ಕನ್ನಡದಲ್ಲೇ ಹೇಳಿ ಮಾರಾಯ್ರೆ. ನಾನು ಇವರಿಗೆ ಮರಾಠಿಯಲ್ಲಿ ಹೇಳ್ತೇನೆ."

ಕೇಶವಮೂರ್ತಿ ಎಲ್ಲವನ್ನೂ ಹೇಳಿದರು. ಸಾಂತಾಕ್ರೂಜ್‌ನ ವಿಮಾನ, ಮೂಲೆ ಸೇರಿದ ವೀಣೆ, ಗಂಟೆಯ ಸದ್ದು ಎಲ್ಲ ಬಂತು. ಪೂಜಾರಿಯವರು ನಡುವೆ ಬಾಯಿ ಹಾಕದೆ ಕೇಳಿದರು.

"ಸರಿ. ಇಲ್ಲಿ ಬೇಡ ಅಂತ ಹೇಳಿದ್ರಿ. ಎಲ್ಲಿ ಬೇಕು ಅಂತಲೂ ಹೇಳ್ಬೇಕಲ್ಲ? ದಹಿಸರ್‌ಗೆ ಒಂದು ಠಾಣೆ ಬೇಕೇ ಬೇಕು. ಊರಿನವರು ನಾಲ್ಕೈದು ಜನ ನಮ್ಮೊಟ್ಟಿಗೆ ಸೇರಿ ಜಾಗ ಹುಡುಕ್ಲಿ ಅಂತ ಉಂಟು. ನೀವು ಬರ್ತೀರಾ?"

ಹೀಗೆ ಬಂಬ್‌ಖಾನೆ ಬೇಡ ಎನ್ನಲು ಹೋದ ಮನುಷ್ಯ ಬಂಬ್‌ಖಾನೆಯ ಸಮಿತಿ ಸೇರಿ ಮನೆಗೆ ಬಂದರು.

ಆಮೇಲೆ ಭಾನುವಾರ ಬಂತೆಂದರೆ ಪೂಜಾರಿಯವರ ಜೀಪು ಬಿಲ್ಡಿಂಗಿನ ಕೆಳಗೆ ಬಂದು ನಿಲ್ಲುತ್ತಿತ್ತು. ರೈಲುಹಳಿಯ ಪಶ್ಚಿಮಕ್ಕೆ ಒಳ್ಳೆಯ ಜಾಗವಿತ್ತು. ಆದರೆ ಫಾಟಕದ ಹತ್ತಿರ ನಿಂತು ನೋಡಿದರೆ ಒಂದು ಲೋಕಲ್ ಹೋಗುವುದರೊಳಗೆ ಇನ್ನೊಂದು ಬರುತ್ತಿತ್ತು, ಗೇಟು ಏಳುವುದೇ ಇಲ್ಲ. ನದಿಯ ದಂಡೆಯ ಜಾಗ ಮಳೆಗಾಲದಲ್ಲಿ ಮುಳುಗುತ್ತದೆ ಎಂದು ಅಲ್ಲಿ ಎಮ್ಮೆಗಳ ತಬೇಲ ಇಟ್ಟವರು ಗೋಡೆಯ ಮೇಲಿನ ನೀರಿನ ಗುರುತು ತೋರಿಸಿದರು. ಹೈವೇ ಬದಿಗೆ ಹೋದರೆ ಸುಂಕ ಕಟ್ಟಲು ಜಕಾತ್ ನಾಕಾದಲ್ಲಿ ನಿಂತ ಲಾರಿಗಳ ಸಾಲು. ಅಲ್ಲಿಂದ ಬಂಬ್ ಹೊರಗೆ ಬರುವಷ್ಟರಲ್ಲಿ ಬೆಂಕಿ ತಾನಾಗಿಯೇ ಆರಿಹೋಗಿರುತ್ತದೆ ಎಂದು ಪೂಜಾರಿಯವರೇ ನಕ್ಕರು. ಹೋದಲ್ಲೆಲ್ಲ ಒಬ್ಬರಲ್ಲ ಒಬ್ಬರು "ಇಲ್ಲಿ ಬೇಡ" ಎನ್ನುತ್ತಿದ್ದರು. ತಮ್ಮದೇ ಮಾತು ಬೇರೆಯವರ ಬಾಯಲ್ಲಿ ಕೇಳಿ ಕೇಶವಮೂರ್ತಿಗೆ ಇರಿಸುಮುರಿಸಾಗುತ್ತಿತ್ತು.

ಸುತ್ತಿ ಸುತ್ತಿ ಕೊನೆಗೆ ಮತ್ತೆ ನಮ್ಮ ಎದುರಿನ ಬಯಲಿಗೇ ಬಂದು ನಿಂತರು. ಅಲ್ಲಿ ಕೇಶವಮೂರ್ತಿಗೊಂದು ಉಪಾಯ ಹೊಳೆಯಿತು. ಬಯಲಿನ ಇನ್ನೊಂದು ಮಗ್ಗುಲಿಗೆ ಒಂದು ಗಲ್ಲಿಯಿದೆ, ಗಲ್ಲಿಯುದ್ದಕ್ಕೂ ಝೋಪಡಿಗಳ, ಅಂದರೆ ಗುಡಿಸಲುಗಳ, ಸಾಲು. ಠಾಣೆಯ ಗೇಟನ್ನು ಆ ಕಡೆಗೆ ಇಟ್ಟು ಗಲ್ಲಿ ಅಗಲ ಮಾಡಿದರೆ ಬಂಬ್‌ಗಳು ಅತ್ತಲಿಂದಲೇ ದೊಡ್ಡ ರಸ್ತೆ ಸೇರಬಹುದು. ಬಿಲ್ಡಿಂಗಿಗೆ ಸದ್ದೇ ಇಲ್ಲ.

ಪೂಜಾರಿಯವರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಆಗ್ಬಹುದು. ಆದ್ರೆ ಅಲ್ಲಿಯವರನ್ನು ಕೇಳ್ಬೇಕು. ನೀವೇ ಕೇಳಿ ಬನ್ನಿ, ಅವರೂ ಕನ್ನಡದವರೇ."

ಆ ಝೋಪಡಿಗಳಲ್ಲಿದ್ದವರು ಹೆಚ್ಚಾಗಿ ಗುಲಬರ್ಗಾ ಕಡೆಯವರು, ಕಟ್ಟಡದ ಕೆಲಸಕ್ಕೆ ಬಂದವರು. ನಮ್ಮ ಬಿಲ್ಡಿಂಗಿಗೆ ಇಟ್ಟಿಗೆ ಹೊತ್ತವರೂ ಅವರೇ. ಆದರೂ ಅಲ್ಲಿಯವರೆಗೆ ನಮ್ಮಲ್ಲಿ ಯಾರೂ ಆ ಗಲ್ಲಿಯೊಳಕ್ಕೆ ಕಾಲಿಟ್ಟಿರಲಿಲ್ಲ. ಗಲ್ಲಿಯ ಮೊದಲ ಝೋಪಡಿ ಮಲ್ಲಕ್ಕನದು. ಗಂಡ ಅಣವೀರಪ್ಪ ಗಾರೆ ಕೆಲಸದವನು, ಮೆತ್ತಗಿನ ಮನುಷ್ಯ. ಗಲ್ಲಿಯವರೆಲ್ಲ ಮಾತು ಕೇಳುತ್ತಿದ್ದುದು ಮಲ್ಲಕ್ಕನದ್ದೇ. ಕೇಶವಮೂರ್ತಿ ಹೇಳಿದ್ದನ್ನೆಲ್ಲ ಕೇಳಿ ಆಕೆ ಕೈಯಲ್ಲಿದ್ದ ಕೊಡವನ್ನು ಕೆಳಗಿಟ್ಟಳು.

"ಹೋದ ವರ್ಸ ಇಲ್ಲಿ ಬೆಂಕಿ ಬಿದ್ದಾಗ ಬಂಬ್ ಬಂತ್ರಿ ಸಾಹೇಬ್ರ. ಗಲ್ಲಿ ಬಾಯಿಗೆ ನಿಂತ್ಕೊಂತು, ಒಳಗ ಬರಾಕ ಆಗ್ಲಿಲ್ಲ. ಕಟ್ಟಡದ ಉಸುಕು ತಂದು ನಾವ ಆರಿಸಿದ್ವಿ. ಬಂಬ್‌ಖಾನಿ ನಮಗೂ ಬೇಕ್ರಿ. ಆದ್ರ ಗಲ್ಲಿ ಅಗಲ ಮಾಡಾಕ ಈ ಸಾಲಿನ ಮನಿ ಕೆಡವತೀರಲ್ಲ, ನಾವು ಎಲ್ಲಿಗಿ ಹೋಗೂಣು? ನಿಮ್ಮ ನಿದ್ದಿಗಿ ನಮ್ಮ ಗುಡಿಸಲಾ ಬೇಕು?"

ಕೇಶವಮೂರ್ತಿ ಬಂದ ದಾರಿಯಲ್ಲೇ ಮನೆಗೆ ಮರಳಿದರು. ಬೇರೆಯವರ ಮನೆ ಬೀಳಿಸುವ ಮಾತು ತಮ್ಮ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದೇ ಅವರಿಗೆ ಆಶ್ಚರ್ಯ. ನಡೆದದ್ದನ್ನು ಸುಮಿತ್ರಾ ಅವರಿಗೆ ಹೇಳಿ, "ಏನ್ ಮಾಡ್ಲಿ ಹೇಳು, ಎಲ್ಲ ನಿನ್ನ ವೀಣೆಗೋಸ್ಕರ ತಾನೆ?" ಎಂದರು.

ಸುಮಿತ್ರಾ ಅವರಿಗೆ ಸಿಟ್ಟು ಬರುವುದೇ ಅಪರೂಪ. ಅಂದು ಬಂತು. "ನನ್ನ ವೀಣೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದ್ರಲ್ಲ, ನಂಗೇನು ಬೇಕು ಅಂತ ಒಂದು ಸಲನಾದ್ರೂ ಕೇಳಿದ್ರಾ? ವಿಮಾನ ದಿನವಿಡೀ ಬರ್ತಿತ್ತು. ಬಂಬ್ ದಿನವಿಡೀ ಬರತ್ತಾ? ಗಂಟೆ ಹೊಡೆದಾಗ ಒಂದು ಕ್ಷಣ ಕೈ ನಿಲ್ಲಿಸ್ತೀನಿ. ಅದಕ್ಕೆ ಅವಳು ಮನೆ ಬಿಡಬೇಕಾ?"

ಮಾರನೆಯ ದಿನ ಕೇಶವಮೂರ್ತಿ ಕೆಲಸ ಮುಗಿಸಿ ಬಂದಾಗ ಮನೆಯಲ್ಲಿ ಮಲ್ಲಕ್ಕ ಕೂತಿದ್ದಳು. ಸುಮಿತ್ರಾ ತಾವೇ ಹೋಗಿ ಚಹಾಕ್ಕೆ ಕರೆತಂದಿದ್ದರು. ಇಬ್ಬರೂ ಗ್ಯಾಲರಿಯಲ್ಲಿ ನಿಂತು ಬಯಲನ್ನು ತೋರಿಸಿಕೊಂಡು ಮಾತಾಡುತ್ತಿದ್ದರು.

"ಗಲ್ಲಿ ಅಗಲ ಆಗಬೇಕು, ಸರಿ," ಎಂದರು ಸುಮಿತ್ರಾ. "ಝೋಪಡಿ ಕಡೆಯಿಂದಲೇ ಯಾಕೆ ಜಾಗ ತಗೋಬೇಕು? ಬಯಲಿನ ಅಂಚನ್ನೇ ಗಲ್ಲಿಗೆ ಬಿಟ್ಟುಕೊಟ್ರೆ ಆಗಲ್ವಾ? ಇಷ್ಟು ದೊಡ್ಡ ಬಯಲಿದೆಯಲ್ಲ."

"ಹಂಗಾದ್ರ ನಾವು ಯಾರೂ ಏಳೂದು ಬ್ಯಾಡ," ಎಂದು ಮಲ್ಲಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಇಷ್ಟು ದಿನ ಇದನ್ನ ಒಬ್ರೂ ಕೇಳ್ಲಿಲ್ಲ ನೋಡ್ರಿ ಅಕ್ಕಾರ."

ಭಾನುವಾರ ಇಬ್ಬರು ಹೆಂಗಸರೂ ಪೂಜಾರಿಯವರ ಎದುರು ನಿಂತು ಅದನ್ನೇ ಹೇಳಿದರು. ಅವರು ಬಯಲಿನಲ್ಲಿ ಅತ್ತಿಂದಿತ್ತ ನಡೆದು ನೋಡಿದರು. ಅಂಚು ಬಿಟ್ಟುಕೊಡಬಹುದು, ಆಗ ಗಲ್ಲಿಯೊಳಕ್ಕೂ ಬಂಬ್ ಹೋಗುತ್ತದೆ, ಆದರೆ ಗೇಟನ್ನು ಆ ಕಡೆಗೆ ಇಟ್ಟರೆ ಗಾಡಿ ತಿರುಗಿಸಲು ಜಾಗ ಸಾಲದು. ಆದ್ದರಿಂದ ಠಾಣೆಯ ಗೇಟು ಬಿಲ್ಡಿಂಗಿನ ಕಡೆಗೇ ಇರಬೇಕು ಎಂದರು. ಎಲ್ಲರೂ ಕೇಶವಮೂರ್ತಿಯವರ ಮುಖ ನೋಡಿದರು.

"ಇರಲಿ," ಎಂದರು ಅವರು. ಆಮೇಲೆ ಸ್ವಲ್ಪ ಸಂಕೋಚದಿಂದ, "ದೊಡ್ಡ ರಸ್ತೆ ಮುಟ್ಟೋ ತನಕ ಗಂಟೆ ಹೊಡೆಯದೆ ಹೋಗೋಕಾಗತ್ತಾ?"

"ಅಡ್ಡ ಯಾರೂ ಇಲ್ಲದಿದ್ರೆ ಯಾಕೆ ಹೊಡೀಬೇಕು? ಆಗ್ತದೆ," ಎಂದರು ಪೂಜಾರಿ.

ನಕ್ಷೆ ಹಾಗೇ ಬದಲಾಯಿತು. ಬಿಲ್ಡಿಂಗಿನಲ್ಲಿ ಕೆಲವರು ಕೇಶವಮೂರ್ತಿಯವರೊಡನೆ ಮಾತು ಬಿಟ್ಟರು. ಪಾರ್ಕು ತರುತ್ತೇನೆಂದು ಹೋಗಿ ಗೇಟನ್ನೇ ನಮ್ಮ ಬಾಗಿಲಿಗೆ ತಂದ ಎಂದು ಆಡಿಕೊಂಡರು. ಅವರು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಅವರನ್ನು ಕಾಡಿದ ಚಿಂತೆ ಬೇರೆ. ನಕ್ಷೆ ಆಯಿತು, ಠಾಣೆ ಮಾತ್ರ ಏಳಲಿಲ್ಲ. ಬಯಲಿನಲ್ಲಿ ಯಾರೋ ಕಟ್ಟಡದ ಮಣ್ಣು ಸುರಿದರು, ಯಾರೋ ತಗಡಿನ ಶೆಡ್ಡು ಹಾಕಲು ಬಂದರು. ಹಾಗೆ ಬಂದಾಗಲೆಲ್ಲ ಮಲ್ಲಕ್ಕ ಗಲ್ಲಿಯವರನ್ನು ಕರೆದುಕೊಂಡು ಅಡ್ಡ ನಿಲ್ಲುತ್ತಿದ್ದಳು, ಕೇಶವಮೂರ್ತಿ ರಜೆ ಹಾಕಿ ವಾರ್ಡ್ ಆಫೀಸಿಗೆ ಓಡುತ್ತಿದ್ದರು. ಅಲ್ಲಿ ಹೊಸ ಸಾಹೇಬರು ಬಂದಷ್ಟು ಸಲವೂ ಮೊದಲಿನಿಂದ ಹೇಳಬೇಕು. ಪೂಜಾರಿಯವರಿಗೆ ಬೇರೆ ಕಡೆ ವರ್ಗವಾಯಿತು, ಆದರೂ ಕರೆದಾಗ ಬಂದು ಸಾಕ್ಷಿ ಹೇಳಿ ಹೋಗುತ್ತಿದ್ದರು. ಒಂದು ದೀಪಾವಳಿ ಕಳೆದ ಮೇಲೆ ಬಯಲಿಗೆ ಇಟ್ಟಿಗೆಯ ಲಾರಿ ಬಂತು. ಅಣವೀರಪ್ಪನೇ ಗೋಡೆ ಎಬ್ಬಿಸಿದವರಲ್ಲಿ ಒಬ್ಬ. ತೊಂಬತ್ತರಲ್ಲಿ ಠಾಣೆಯ ಬಾಗಿಲು ತೆರೆಯಿತು. ಪಾಠದ ಹೊತ್ತಿನಲ್ಲಿ ಬಂಬ್ ಹೊರಟರೂ ಟೈರಿನ ಸದ್ದು ಬಿಟ್ಟು ನಮಗೆ ಬೇರೇನೂ ಕೇಳುತ್ತಿರಲಿಲ್ಲ.

ಮರುವರ್ಷ ಬೇಸಿಗೆಯ ಒಂದು ಶನಿವಾರ ಮಧ್ಯಾಹ್ನ, ನಮ್ಮ ಬಿಲ್ಡಿಂಗಿನ ಮೀಟರ್ ರೂಮಿಗೇ ಬೆಂಕಿ ಹತ್ತಿತು. ರಬ್ಬರ್ ಸುಟ್ಟ ಕಪ್ಪು ಹೊಗೆ ಮೆಟ್ಟಿಲುಗಳನ್ನು ತುಂಬಿಕೊಂಡು ಮೇಲೇರಿತು. ಮೊದಲ ಮಾಳಿಗೆಯವರಾದ ನಾವು ಮೂಗಿಗೆ ಬಟ್ಟೆ ಹಿಡಿದು ಹೇಗೋ ಇಳಿದೆವು. ಮೇಲೆ ಸುಮಿತ್ರಾ ಪಾಠ ಮಾಡುತ್ತಿದ್ದರು, ಜೊತೆಗೆ ಮೂವರು ಹುಡುಗಿಯರು. ಕಿರಾಣಿ ಅಂಗಡಿಯ ಫೋನಿನಿಂದ ನಾನು ಕೇಶವಮೂರ್ತಿಯವರ ಕಾರ್ಖಾನೆಗೆ ಫೋನ್ ಮಾಡಿದೆ. "ಬಿಲ್ಡಿಂಗಿಗೆ ಬೆಂಕಿ ಬಿದ್ದಿದೆ, ಬನ್ನಿ," ಎಂದೆ. ಬಂಬ್ ಬಂದಾಗಿದೆ ಎಂದು ಹೇಳುವುದರೊಳಗೆ ಲೈನು ಕಡಿದುಹೋಯಿತು. ಎಷ್ಟು ತಿರುಗಿಸಿದರೂ ಮತ್ತೆ ಸಿಗಲಿಲ್ಲ.

ಅಂಧೇರಿಯಿಂದ ದಹಿಸರ್‌ವರೆಗಿನ ಆ ಪ್ರಯಾಣವನ್ನು ಅವರು ಆಮೇಲೆ ನನಗೆ ಒಂದೇ ಸಲ ಹೇಳಿದ್ದು. ಲೋಕಲ್ ರೈಲಿನ ಬಾಗಿಲಲ್ಲಿ ಕಂಬ ಹಿಡಿದು ನಿಂತಿದ್ದರಂತೆ. ಸ್ಟೇಷನ್ನುಗಳು ಬಂದು ಹೋಗುತ್ತಿದ್ದವು; ಯಾವುದು ಎಂದು ತಿಳಿಯುತ್ತಿರಲಿಲ್ಲ. ಕಣ್ಣ ಮುಂದೆ ಹೊಗೆ ತುಂಬಿದ ಮೆಟ್ಟಿಲುಗಳು ಮಾತ್ರ ಇದ್ದವು. ಬೋರಿವಲಿಯಲ್ಲಿ ಗಾಡಿ ಸ್ವಲ್ಪ ಹೆಚ್ಚು ಹೊತ್ತು ನಿಂತಾಗ ಪಕ್ಕದವನೊಬ್ಬ, "ಕ್ಯಾ ಹುವಾ ಚಾಚಾ, ತಬಿಯತ್ ಠೀಕ್ ಹೈ?" ಎಂದು ಮೈ ಹುಷಾರಿದೆಯೇ ಕೇಳಿ ಭುಜ ಹಿಡಿದನಂತೆ.

ನಮ್ಮ ರಸ್ತೆಗೆ ಬಂದಾಗ ನೆಲದ ತುಂಬ ನೀರು, ಸುರುಳಿ ಬಿಚ್ಚಿದ ಪೈಪುಗಳು, ಜನ. ಬಿಲ್ಡಿಂಗಿನ ಕೆಳಭಾಗ ಕಪ್ಪಾಗಿತ್ತು. ಎರಡನೇ ಮಾಳಿಗೆಯ ಗ್ಯಾಲರಿಗೆ ಒರಗಿಸಿದ ಏಣಿ ಹಾಗೇ ಇತ್ತು, ಗ್ಯಾಲರಿಯಲ್ಲಿ ಯಾರೂ ಇರಲಿಲ್ಲ. ನಾನು ಜನರ ನಡುವಿನಿಂದ ಕೂಗಿದೆ, "ಇಳಿಸಿದ್ದಾರೆ! ಎಲ್ಲರನ್ನೂ ಇಳಿಸಿದ್ದಾರೆ! ಮಲ್ಲಕ್ಕನ ಮನೆ ಹತ್ತಿರ ನೋಡಿ!"

ಮಲ್ಲಕ್ಕನ ಝೋಪಡಿಯ ಮುಂದೆ ಹೊರಸಿನ ಮೇಲೆ ಸುಮಿತ್ರಾ ಕೂತಿದ್ದರು. ಮುಖದ ಮೇಲೆ ಮಸಿ, ಕೈಯಲ್ಲಿ ನೀರಿನ ಲೋಟ. ಹುಡುಗಿಯರು ಅವರಿಗೆ ಅಂಟಿಕೊಂಡು ಕೂತಿದ್ದರು. ಗಂಡನನ್ನು ನೋಡಿ ಅವರೇ ಮೊದಲು ಗಾಬರಿಯಾದರು.

"ಯಾಕ್ರೀ ಹೀಗೆ ಏದುಸಿರು ಬಿಡ್ತಿದ್ದೀರಿ? ಒಂದು ಚಪ್ಪಲಿ ಎಲ್ಲಿ?"

ಚಪ್ಪಲಿ ಗಾಡಿಯಲ್ಲಿ ಬಿದ್ದಿತೋ ಪ್ಲಾಟ್‌ಫಾರ್ಮಿನಲ್ಲೋ ಅವರಿಗೆ ಗೊತ್ತಿರಲಿಲ್ಲ. ಹೊರಸಿನ ಪಕ್ಕದಲ್ಲಿ ನೆಲದ ಮೇಲೆಯೇ ಕುಸಿದು ಕೂತು, ಹೆಂಡತಿಯ ಕಾಲು ಮುಟ್ಟಿ, ಕೈ ಮುಟ್ಟಿ ನೋಡಿದರು. ಆಮೇಲೆ ಅಳುತ್ತಲೇ ನಗತೊಡಗಿದರು.

"ಕಿಡಕಿಯಿಂದ ನೋಡಿದ್ವಿ ಅಷ್ಟೇ, ಅವರು ಆಗ್ಲೇ ಏಣಿ ಹಾಕ್ತಿದ್ರು ಅಂಕಲ್," ಎಂದಳು ಹುಡುಗಿಯರಲ್ಲೊಬ್ಬಳು. "ಟೀಚರ್ ನಮ್ಮನ್ನ ಪೆಹಲೇ ಇಳಿಸಿದ್ರು, ಆಮೇಲೆ ಅವರು."

"ಏಣಿ ಇಳಿಯೋಕೆ ನಂಗೆ ಬಂಬಿನವನು ಹೇಳಿಕೊಡಬೇಕಾಯ್ತು," ಎಂದು ಸುಮಿತ್ರಾ ನಕ್ಕರು. "ಸೀರೆ ಎತ್ತಿ ಕಟ್ಟಿಕೋ ತಾಯಿ, ಕೆಳಗೆ ನೋಡಬೇಡ ಅಂದ. ನೋಡಲೇ ಇಲ್ಲ."

ಹುಡುಗಿಯರ ತಾಯಂದಿರು ಒಬ್ಬೊಬ್ಬರಾಗಿ ಬಂದು ಮಕ್ಕಳನ್ನು ಅಪ್ಪಿ ಕರೆದೊಯ್ದರು. ಸಂಜೆಯ ಹೊತ್ತಿಗೆ ಫೈರ್‌ಮನ್‌ಗಳು ಪೈಪು ಸುತ್ತಿ ಎದುರಿನ ಗೇಟಿನೊಳಕ್ಕೆ ಹೋದರು. ಯಾರಿಗೂ ಪೆಟ್ಟಾಗಿರಲಿಲ್ಲ. ಬಿಲ್ಡಿಂಗಿನಲ್ಲಿ ಕರೆಂಟಿಲ್ಲ, ಮನೆಯೆಲ್ಲ ಹೊಗೆಯ ವಾಸನೆ. ಒಲೆ ಹಚ್ಚುವ ಹಾಗಿರಲಿಲ್ಲ. ಕೇಶವಮೂರ್ತಿಯವರೊಡನೆ ಮಾತು ಬಿಟ್ಟಿದ್ದ ಮೂರನೇ ಮಾಳಿಗೆಯವರೂ ಸೇರಿ ನಾವೆಲ್ಲ ಗಲ್ಲಿಯಲ್ಲೇ ಕೂತಿದ್ದೆವು. ಮಲ್ಲಕ್ಕ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ತಟ್ಟತೊಡಗಿದಳು. ಪಕ್ಕದ ಝೋಪಡಿಯ ಹನುಮವ್ವ ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ, ತಂದಳು.

"ಸಾಹೇಬ್ರ, ಖಾರ ಐತಿ. ಹೆಂಗ ತಿಂತೀರೋ ಏನೋ," ಎಂದಳು ಮಲ್ಲಕ್ಕ.

"ಹಾಕಿ ಮಲ್ಲಕ್ಕ, ಹಾಕಿ," ಎಂದು ಕೇಶವಮೂರ್ತಿ ಕೈ ಚಾಚಿದರು. ಬೆಳಗಿನ ತಿಂಡಿಯ ಮೇಲೆ ಅವರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಖಾರಕ್ಕೆ ಮೂಗು, ಕಣ್ಣು ಎಲ್ಲ ಸುರಿಯುತ್ತಿದ್ದರೂ ರೊಟ್ಟಿಯ ಮೇಲೆ ರೊಟ್ಟಿ ತಿಂದರು. ಸುಮಿತ್ರಾ ಪಕ್ಕದಲ್ಲಿ ಕೂತು ಅವರ ಲೋಟಕ್ಕೆ ನೀರು ಬಗ್ಗಿಸುತ್ತಾ ಇದ್ದರು.