ಗೋಡೆ ಮೇಲಿನ ನೋಟೀಸು

ಎಂಬತ್ತರ ದಶಕದಲ್ಲಿ ಮಾಲೂರಿನ ಒಂದು ಹೆಂಚಿನ ಫ್ಯಾಕ್ಟರಿಗೆ ಕೆಲಸ ಕೇಳಿಕೊಂಡು ಹೋಗಿದ್ದೆ. ಎದೆಹಾಲು ಕುಡಿಯುವ ಮಗುವಿದ್ದರೆ ಸೇರಿಸಿಕೊಳ್ಳಲ್ಲ ಅಂತ ಹೆದರಿ, ಮಗಳನ್ನು ಗೇಟಿನ ಹೊರಗೆ ಅಮ್ಮನ ಹತ್ತಿರ ಬಿಟ್ಟಿದ್ದೆ. ವರಾಂಡದಲ್ಲಿ ಕಾಯುವಾಗ ಗೋಡೆಯ ಮೇಲಿದ್ದ ನೋಟೀಸು ಓದಿದೆ. ಆಮೇಲೆ ಒಳಗೆ ಮ್ಯಾನೇಜರ ಮುಂದೆ ನಿಂತಿದ್ದೇ ತಡ, ಹೊರಗೆ ಮಗಳು ಕಿರುಚಿಕೊಂಡಳು.

"ಯಾರದಮ್ಮ ಮಗು?"

"ನಂದೇ ಸಾರ್."

"ಮತ್ತೆ ಕೆಲಸ ಹೆಂಗ್ ಮಾಡ್ತೀಯ?"

"ಹಾಲು ಕುಡಿಸೋಕೆ ದಿನಕ್ಕೆ ಎರಡು ಸಲ ಬಿಡಬೇಕಂತಲ್ಲ ಸಾರ್, ನಿಮ್ಮ ನೋಟೀಸಲ್ಲೇ ಬರೆದಿದೆ" ಅಂದೆ.

"ಎಲ್ಲಿ?" ಎಂದು ಎದ್ದು ವರಾಂಡಕ್ಕೆ ಬಂದವರು ಕನ್ನಡಕ ಹಾಕಿಕೊಂಡು ಓದಿದರು. "ಸರಿ, ಸೋಮವಾರದಿಂದ ಬಾಮ್ಮ. ಈಗ ಹೋಗಿ ಹಾಲು ಕುಡಿಸು."

ಹೋದ ಜೀವ ಬಂದಂತಾಗಿ ಗೇಟಿಗೆ ಓಡಿದೆ. ತಿರುಗಿ ನೋಡಿದರೆ ಮ್ಯಾನೇಜರು ಇನ್ನೂ ಅಲ್ಲೇ ನಿಂತಿದ್ದರು. ಇನ್ನೂ ಏನೇನು ಒಪ್ಪಿಕೊಂಡಿದ್ದೀವೋ ಅಂತ ಉಳಿದದ್ದನ್ನು ಓದುತ್ತಿದ್ದರೇನೋ.